ಫೋಲ್ಡರ್, ಚಾಕುಗಳ ಹೊಸ ದರದ ಬಗ್ಗೆ ನಮ್ಮ ಗ್ರಾಹಕರಿಗೆ

ನಮಸ್ಕಾರ.

ದರ ಏರಿಸಿದ್ದೇವೆ. ಸುತ್ತಿ ಬಳಸಿ ಹೇಳುವುದಿಲ್ಲ. ಬರುವ ತಿಂಗಳ 1ನೇ ತಾರೀಖಿನಿಂದ 6 ಇಂಚಿನ ಬೋನ್ ಫೋಲ್ಡರ್ (ಪುಸ್ತಕ ಕಟ್ಟುವಾಗ ಹಾಳೆ ಮಡಿಸಿ ಉಜ್ಜುವ ಮೂಳೆ ಪಟ್ಟಿ) 320 ರೂಪಾಯಿ ಇದ್ದದ್ದು 430 ಆಗುತ್ತದೆ. ಚರ್ಮ ತೆಳು ಮಾಡುವ ಚಾಕು 750ರಿಂದ 880. ದಬ್ಬಳದ ದರ ಮುಟ್ಟಿಲ್ಲ. 8 ಇಂಚಿನ ಫೋಲ್ಡರ್ ಇನ್ನು ಮಾಡುವುದೇ ಇಲ್ಲ. ಅದಕ್ಕೇ ಕೈ ಹೊಂದಿಸಿಕೊಂಡವರು ದಯವಿಟ್ಟು ಕ್ಷಮಿಸಬೇಕು.

ವಿಷಯ ಗೊತ್ತಾದ ಕೂಡಲೇ ಫೋನ್ ಬಂತು. ಎಲ್ಲರದ್ದೂ ಒಂದೇ ಮಾತು: "ಏನ್ ಸಾರ್, ಬಿಸಾಡೋ ಮೂಳೆಗೆ ಇಷ್ಟು ದುಡ್ಡಾ?" ಈ ಮಾತು ಕೇಳಿ ಕೇಳಿ ಸಾಕಾಗಿದೆ. ಒಮ್ಮೆ ಬಿಡಿಸಿ ಹೇಳಿಬಿಡುತ್ತೇನೆ.

ಎಮ್ಮೆಯ ಕಾಲಿನ ಮೂಳೆಯಲ್ಲಿ ನಡುವಿನ ನೇರ ಭಾಗ ಮಾತ್ರ ನಮಗೆ ಬೇಕು. ಎರಡೂ ತುದಿಯ ಗೆಣ್ಣು ಒಳಗೆಲ್ಲ ತೂತು ತೂತು, ಕತ್ತರಿಸಿ ಎಸೆಯಬೇಕು. ಉಳಿದದ್ದು ಟೊಳ್ಳು ಕೊಳವೆ. ಉದ್ದಕ್ಕೆ ಸೀಳಿದರೆ ದಪ್ಪ ಇರುವ ಕಡೆ ಮಾತ್ರ ಚಪ್ಪಟೆ ಪಟ್ಟಿ ಸಿಗುತ್ತದೆ. ಅದರಲ್ಲಿ 8 ಇಂಚು ನೇರವಾಗಿ, ಬಿರುಕಿಲ್ಲದೆ ಸಿಗುವುದು ಅಪರೂಪ. ಮೂಳೆ ಬರುವುದು ಉತ್ತರ ಪ್ರದೇಶದ ಸಂಭಲ್‌ನಿಂದ. ಕೊಂಬು, ಮೂಳೆ ಕೆಲಸಕ್ಕೆ ಹೆಸರಾದ ಊರು. ನಾವು ಕೊಳ್ಳುವುದು ತೂಕದ ಲೆಕ್ಕದಲ್ಲಿ. ಗೆಣ್ಣಿಗೂ ದುಡ್ಡು, ಬಿರುಕಿಗೂ ದುಡ್ಡು, ಬೆಂಗಳೂರಿನವರೆಗೆ ಲಾರಿ ಬಾಡಿಗೆ ಬೇರೆ.

ಆಮೇಲೆ ಜಿಡ್ಡು ತೆಗೆಯಬೇಕು. ಜಿಡ್ಡು ಉಳಿದರೆ ನಿಮ್ಮ ಹಾಳೆ ಮೇಲೆ ಎಣ್ಣೆ ಕಲೆ. ಬೇಗ ಆಗಲಿ ಅಂತ ಗಳಗಳ ಕುದಿಸಿದರೆ ಮೂಳೆ ಪೆಡಸಾಗಿ ಚಟ್ ಅಂತ ಮುರಿಯುತ್ತದೆ. ಸಣ್ಣ ಬಿಸಿಯ ಸೋಪಿನ ನೀರಿನಲ್ಲಿ ದಿನಗಟ್ಟಲೆ ಇಟ್ಟು, ನೀರು ಬದಲಿಸುತ್ತಾ ಕಾಯಬೇಕು. ಉಜ್ಜುವಾಗ ಏಳುವ ಧೂಳು ಎದೆಗೆ ಕೆಟ್ಟದ್ದು. ಅದಕ್ಕೇ ನೀರು ಬಿಟ್ಟುಕೊಂಡು ನಿಧಾನಕ್ಕೆ ಉಜ್ಜುತ್ತೇವೆ. ಕೂದಲು ಸುಟ್ಟ ಹಾಗೆ ವಾಸನೆ! ಅದನ್ನು ತಾಳಲಾರದೆ ಇಬ್ಬರು ಹುಡುಗರು ಬಿಟ್ಟು ಹೋದರು. ಉಳಿದವರಿಗೆ ಸಂಬಳ ಜಾಸ್ತಿ ಮಾಡಿದ್ದೇನೆ. ಮಾಡಬೇಕಿತ್ತು ಅಲ್ವಾ?

"ಹಳದಿ ಇದೆ, ಹಳೇ ಮಾಲಾ?" ಅಂತಲೂ ಕೇಳುತ್ತೀರಿ. ಹಳೇದಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರೆ ಹಾಲಿನಂತೆ ಬೆಳ್ಳಗಾಗುತ್ತದೆ, ಆದರೆ ಮೂಳೆಯೇ ಹಾಳಾಗಿ ಮೇಲ್ಭಾಗ ಸುಣ್ಣದ ಹಾಗೆ ಉದುರುತ್ತದೆ. ನಾವು ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟು ಬೇರೆ ಹಾಕುವುದಿಲ್ಲ. ಕೆನೆ ಬಣ್ಣ ಅಂದುಕೊಳ್ಳಿ.

ಟೆಫ್ಲಾನ್ ಫೋಲ್ಡರ್‌ಗೆ ಹೋಗುತ್ತೇವೆ ಅನ್ನುವವರನ್ನು ತಡೆಯುವುದಿಲ್ಲ. ರಟ್ಟಿಗೆ ಹೊದಿಸುವ ಕ್ಯಾಲಿಕೋ ಬಟ್ಟೆ ಮೇಲೆ ನೇರವಾಗಿ ಉಜ್ಜಿದರೂ ಅದು ಹೊಳಪಿನ ಗೆರೆ ಬಿಡುವುದಿಲ್ಲ, ಒಪ್ಪುತ್ತೇನೆ. ನಮ್ಮದಾದರೆ ನಡುವೆ ಒಂದು ಹಾಳೆ ಇಡಲೇಬೇಕು. ಆದರೆ ದಪ್ಪ ಫಾರಂ, ಅಂದರೆ ಪುಟಗಳಾಗಿ ಮಡಿಸುವ ಅಚ್ಚಿನ ದೊಡ್ಡ ಹಾಳೆ, ಮಡಿಸಿ ನೋಡಿ. ಮೂಳೆ ಕೊಡುವ ಚೂಪು ಮಡಿಕೆ ಆ ಮೆತ್ತನೆಯ ವಸ್ತುವಿಗೆ ಬರುವುದಿಲ್ಲ. ಮೂಳೆ ಮುಟ್ಟದವರಿಗೆ ಬಿದಿರಿನದು ಮೊದಲಿನಂತೆ ಇದ್ದೇ ಇದೆ.

ಇನ್ನು ಚಾಕು. ಇಲ್ಲಿ ತಪ್ಪು ನಮ್ಮದು. ಕಳೆದ ಸಲದ ಕೆಲವು ಚಾಕುಗಳ ಅಂಚು ಹಲ್ಲು ಹಲ್ಲಾಗಿ ಉದುರಿತು. ಉಕ್ಕನ್ನು ಸುಮಾರು 800 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತೇವೆ. ಆಗ ಅದು ಗಾಜಿನಷ್ಟು ಪೆಡಸು. ಮತ್ತೆ 200 ಡಿಗ್ರಿಯಲ್ಲಿ ಇಟ್ಟರೆ ಹದಕ್ಕೆ ಬರುತ್ತದೆ, ಒಣಹುಲ್ಲಿನ ಬಣ್ಣ ಏರುತ್ತದೆ. ಓವನ್ನಿನ ಮೀಟರ್ ಕೆಟ್ಟಿತ್ತು, ಹದ ಅರ್ಧಕ್ಕೇ ನಿಂತಿತ್ತು. ಮೀಟರ್ ನಂಬಿ ಕಣ್ಣು ನಂಬದೆ ಹೋದೆ. ನಾಚಿಕೆಯಾಗುತ್ತದೆ. ಅಂಚು ಉದುರಿದ ಚಾಕು ವಾಪಸ್ ಕಳಿಸಿ, ಹೊಸದು ಕೊಡುತ್ತೇನೆ, ಕೊರಿಯರ್ ಖರ್ಚೂ ನನ್ನದೇ. ಹೊಸ ಓವನ್ನಿನ ದುಡ್ಡನ್ನು ನಿಮ್ಮ ತಲೆಗೆ ಕಟ್ಟಿಲ್ಲ. ಚಾಕುವಿನ ದರ ಏರಿದ್ದು ಉಕ್ಕು, ಸಾಣೆಕಲ್ಲು, ಕೂಲಿಯಿಂದ. ಈಗ ಪ್ರತಿ ಚಾಕುವಿನಲ್ಲೂ ಒಂದು ತುಂಡು ಮೇಕೆ ಚರ್ಮ ಹೆರೆದು ನೋಡಿದ ಮೇಲೇ ಪ್ಯಾಕ್ ಮಾಡುತ್ತೇನೆ. ಅಂಚಿನಲ್ಲಿ ಚರ್ಮದ ಪುಡಿ ಕಂಡರೆ ಬಳಸಿದ ಮಾಲು ಅಂದುಕೊಳ್ಳಬೇಡಿ.

ಈಗಾಗಲೇ ಆರ್ಡರ್ ಕೊಟ್ಟವರಿಗೆ ಹಳೇ ದರವೇ. ನಮ್ಮಲ್ಲಿ ಕೊಂಡ ಚಾಕು ಮೊಂಡಾದರೆ ಎಂದಿನಂತೆ ಸುಮ್ನೆ ಸಾಣೆ ಹಿಡಿದು ಕೊಡುತ್ತೇನೆ. ಬೈಯುವುದಿದ್ದರೂ ಫೋನ್ ಮಾಡಿ, ನಾನೇ ಎತ್ತುತ್ತೇನೆ. ಮಧ್ಯಾಹ್ನ ಎರಡರ ಮೇಲೆ ಮಾಡಿ, ಬೆಳಿಗ್ಗೆ ಸಾಣೆಯ ಸದ್ದಿಗೆ ಏನೂ ಕೇಳಿಸುವುದಿಲ್ಲ.

ನಿಮ್ಮ,
ಅಂಗಡಿಯವನು