ಗೆಳೆಯನಿಗೊಂದು ಪತ್ರ: ಪ್ಯೂಮಾಗಳಿರುವ ಬೆಟ್ಟದಲ್ಲಿ ನಡೆಯುವುದು

ಪ್ರಿಯ ರಾಘವೇಂದ್ರ,

ನಿನ್ನ ಪತ್ರ ತಲುಪಿತು. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊಗೆ ಮನೆ ಬದಲಾಯಿಸಿದ ಮೇಲೆ ವಾರಕ್ಕೊಮ್ಮೆಯಾದರೂ ರಾಂಚೊ ಸಾನ್ ಆಂಟೋನಿಯೊ ಬೆಟ್ಟಗಳಲ್ಲಿ ನಡೆಯಬೇಕೆಂದಿದ್ದವನು, ಇದು ಮೌಂಟನ್ ಲಯನ್‌ಗಳ, ಅಂದರೆ ಪ್ಯೂಮಾಗಳ, ನೆಲೆಯೆಂದು ಎಚ್ಚರಿಸುವ ಫಲಕವನ್ನು ಓದಿ ಅಲ್ಲಿಂದಲೇ ಹಿಂದಿರುಗಿದೆ ಎಂದು ಬರೆದಿದ್ದೀಯೆ. ಮುಂದಿನ ತಿಂಗಳು ಟಿ. ನರಸೀಪುರದಿಂದ ನಿನ್ನ ತಂದೆಯವರೂ ಬರುತ್ತಿದ್ದಾರೆ. ಅವರನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು ಅಲ್ಲಿಗೆ ಹೋಗಬಹುದೇ ಎಂಬುದು ನಿನ್ನ ಪ್ರಶ್ನೆ. ಖಂಡಿತ ಹೋಗಬಹುದು. ಆದರೆ ಏನೂ ಆಗುವುದಿಲ್ಲವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಆ ಪ್ರಾಣಿ ಹೇಗೆ ಬದುಕುತ್ತದೆ, ನಮ್ಮೆದುರು ನಿಂತಾಗ ಅದರ ಉದ್ದೇಶವೇನು ಎಂಬುದು ತಿಳಿದಿದ್ದರೆ ಮಾತ್ರ ಫಲಕದ ಮೇಲಿನ ಸೂಚನೆಗಳು ಹೊತ್ತಿಗೆ ಸರಿಯಾಗಿ ನೆನಪಿಗೆ ಬರುತ್ತವೆ ಎಂದು ನಂಬಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಿನ್ನ ಭಯಕ್ಕೆ ಕಾರಣವಿದೆ. 2022ರ ಕೊನೆಯ ತಿಂಗಳುಗಳಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಚಿರತೆಗಳು ಮನುಷ್ಯರನ್ನು ಕೊಂದಾಗ, ಸಂಜೆಯಾದರೆ ಹೊಲಕ್ಕೆ ಹೋಗಲು ಜನ ಹೇಗೆ ಅಂಜುತ್ತಿದ್ದರೆಂಬುದನ್ನು ನೀನೇ ನನಗೆ ಹೇಳಿದ್ದೆ. ಕಬ್ಬಿನ ಗದ್ದೆಯಲ್ಲಿ ಮರಿ ಹಾಕಿ, ಊರಿನ ನಾಯಿ, ಮೇಕೆಗಳನ್ನು ಹಿಡಿದು ತಿಂದು ಬದುಕಬಲ್ಲ ಚಿರತೆ ಮನುಷ್ಯನ ಮಗ್ಗುಲಲ್ಲೇ ಬಾಳುವುದನ್ನು ಕಲಿತ ಪ್ರಾಣಿ. ಇಲ್ಲಿನ ಪ್ಯೂಮಾ ಗಾತ್ರದಲ್ಲಿ ಚಿರತೆಗೆ ಹತ್ತಿರವಾದರೂ, ಗಂಡು ಸುಮಾರು 55ರಿಂದ 80 ಕಿಲೋ ತೂಗಿದರೂ, ಸ್ವಭಾವದಲ್ಲಿ ಬಹಳ ಹಿಂಜರಿಯುವ ಜೀವಿ. ಹೆಸರಿನಲ್ಲಿ ಸಿಂಹವಿದ್ದರೂ ಇದು ಹುಲಿ, ಸಿಂಹ, ಚಿರತೆಗಳ ಕುಲಕ್ಕೆ ಸೇರಿದ್ದಲ್ಲ, ಇದಕ್ಕೆ ಘರ್ಜಿಸಲೂ ಬರುವುದಿಲ್ಲ. ಮನೆಯ ಬೆಕ್ಕಿನಂತೆ ಗುರುಗುಟ್ಟುತ್ತದೆ, ಹಕ್ಕಿಯಂತೆ ಚಿಲಿಗುಟ್ಟುತ್ತದೆ, ಬೆದೆಗೆ ಬಂದಾಗ ಕೇಳಿದವರ ಎದೆ ನಡುಗುವಂತೆ ಕಿರುಚುತ್ತದೆ. ಕೆನಡಾದ ಯೂಕಾನ್‌ನಿಂದ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದವರೆಗೆ ಹಿಮದಲ್ಲೂ ಮರುಭೂಮಿಯಲ್ಲೂ ಮಳೆಕಾಡಿನಲ್ಲೂ ಬದುಕಬಲ್ಲ ಈ ಪ್ರಾಣಿ, ಎಲ್ಲಿ ಹೋದರೂ ಕಣ್ಣಿಗೆ ಬೀಳದೆ ಇರುವುದನ್ನೇ ತನ್ನ ಬಲವಾಗಿ ಮಾಡಿಕೊಂಡಿದೆ.

ನಿನ್ನ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿದೆಯೆಂದು ನೀನು ಕಳುಹಿಸಿದ ವಿಡಿಯೋವನ್ನು ನೋಡಿದೆ. ಅದರಲ್ಲಿರುವುದು ಪ್ಯೂಮಾ ಅಲ್ಲ, ಬಾಬ್‌ಕ್ಯಾಟ್ ಎಂಬ ಸಣ್ಣ ಕಾಡುಬೆಕ್ಕು. ಬಾಲ ಗೇಣುದ್ದವೂ ಇಲ್ಲದಿರುವುದನ್ನು ಗಮನಿಸು. ಪ್ಯೂಮಾದ ಬಾಲ ಅದರ ಒಟ್ಟು ಉದ್ದದ ಮೂರನೆಯ ಒಂದು ಭಾಗದಷ್ಟಿದ್ದು, ತುದಿಯಲ್ಲಿ ಕಪ್ಪಾಗಿ, ನಡೆಯುವಾಗ ನೆಲದ ಹತ್ತಿರ ತೂಗುತ್ತಿರುತ್ತದೆ. ಇಲ್ಲಿ ಜನ ಕಂಡೆವೆಂದು ವರದಿ ಮಾಡುವ ಪ್ಯೂಮಾಗಳಲ್ಲಿ ಎಷ್ಟೋ ಬಾಬ್‌ಕ್ಯಾಟ್‌ಗಳೇ ಆಗಿರುತ್ತವೆ.

ಪ್ಯೂಮಾದ ಬದುಕು ಸುತ್ತುವುದು ಜಿಂಕೆಯ ಸುತ್ತ. ಬೆಳೆದ ಪ್ಯೂಮಾ ಸರಿಸುಮಾರು ವಾರಕ್ಕೊಂದು ಜಿಂಕೆಯನ್ನು ಹೊಡೆಯುತ್ತದೆ. ಅಟ್ಟಿಸಿಕೊಂಡು ದೂರ ಓಡುವ ಶಕ್ತಿ ಅದಕ್ಕಿಲ್ಲ. ಪೊದೆಯ ಮರೆಯಲ್ಲಿ, ಬಂಡೆಯ ಮೇಲೆ ಹೊಂಚಿ, ಕೆಲವೇ ಗಜಗಳಷ್ಟು ಸಮೀಪಕ್ಕೆ ಬಂದ ಮೇಲೆ ಹಿಂದಿನಿಂದಲೋ ಪಕ್ಕದಿಂದಲೋ ಒಂದೇ ನೆಗೆತಕ್ಕೆ ಬಿದ್ದು, ಕುತ್ತಿಗೆಯ ಹಿಂಭಾಗವನ್ನೋ ಗಂಟಲನ್ನೋ ಕಚ್ಚುತ್ತದೆ. ಒಂದೇ ಹೊತ್ತಿಗೆ ಪೂರ್ತಿ ತಿನ್ನಲಾಗದ ಕಾರಣ ಉಳಿದದ್ದನ್ನು ಎಲೆ, ಮಣ್ಣು, ಕಡ್ಡಿಗಳಿಂದ ಮುಚ್ಚಿಟ್ಟು, ಹಲವು ರಾತ್ರಿ ಅದೇ ಜಾಗಕ್ಕೆ ಮರಳುತ್ತದೆ. ಅಂಥದ್ದೊಂದು ಗುಪ್ಪೆಯನ್ನು ನಾನು ಸ್ಕೈಲೈನ್ ರಸ್ತೆಯ ಕೆಳಗಿನ ಇಳಿಜಾರಿನಲ್ಲಿ ಕಂಡಿದ್ದೇನೆ. ಓಕ್ ಮರದ ಒಣ ತರಗು ನಾಲ್ಕೂ ಕಡೆಯಿಂದ ಕೆರೆದು ತಂದಂತೆ ಒಂದೆಡೆ ರಾಶಿಯಾಗಿತ್ತು, ಸುತ್ತಲಿನ ನೆಲ ಗುಡಿಸಿದಷ್ಟು ಬರಿದಾಗಿತ್ತು, ರಾಶಿಯ ಅಂಚಿನಲ್ಲಿ ಜಿಂಕೆಯ ಒಂದು ಗೊರಸು ಹೊರಗೆ ಚಾಚಿಕೊಂಡಿತ್ತು, ಪಕ್ಕದಲ್ಲಿ ಕಿತ್ತ ರೋಮ ಎಳೆಎಳೆಯಾಗಿ ಹರಡಿತ್ತು. ಹತ್ತಿರದ ಹಸಿ ಮಣ್ಣಿನಲ್ಲಿ ನನ್ನ ಅಂಗೈಯಷ್ಟು ಅಗಲದ ಹೆಜ್ಜೆ ಮೂಡಿತ್ತು. ನಾಯಿಯ ಹೆಜ್ಜೆಯಲ್ಲಿ ಕಾಣುವ ಉಗುರಿನ ಗೆರೆ ಅದರಲ್ಲಿರಲಿಲ್ಲ, ಅಂಗಾಲಿನ ಹಿಂಬದಿ ಮೂರು ಉಬ್ಬಾಗಿ ಒಡೆದಿತ್ತು. ಇಂಥದ್ದು ಕಣ್ಣಿಗೆ ಬಿದ್ದರೆ ಫೋಟೋ ತೆಗೆಯಲು ನಿಲ್ಲಬಾರದು. ಒಡೆಯ ಹತ್ತಿರದಲ್ಲೇ ಮಲಗಿರುವ ಸಾಧ್ಯತೆ ಹೆಚ್ಚಾದ್ದರಿಂದ ಸದ್ದು ಮಾಡುತ್ತ ಬಂದ ದಾರಿಯಲ್ಲೇ ಹಿಂದಿರುಗಬೇಕು.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಸಂಗತಿಗೆ ಬರುತ್ತೇನೆ. ನಮ್ಮ ಈ ಸಾಂತಾ ಕ್ರೂಜ್ ಬೆಟ್ಟಗಳಲ್ಲೇ ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಪ್ಯೂಮಾಗಳಿಗೆ ಜಿಪಿಎಸ್ ಕಾಲರ್ ತೊಡಿಸಿ ವರ್ಷಗಟ್ಟಲೆ ಅಧ್ಯಯನ ಮಾಡುತ್ತ ಬಂದಿದ್ದಾರೆ. 2017ರಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗ ಹೀಗಿತ್ತು. ಪ್ಯೂಮಾ ಹೊಡೆದಿಟ್ಟ ಜಿಂಕೆಯ ಬಳಿ ಕ್ಯಾಮೆರಾವನ್ನೂ, ಚಲನೆ ಗುರುತಿಸಿ ತಾನಾಗಿಯೇ ನುಡಿಯುವ ಸ್ಪೀಕರನ್ನೂ ಇಟ್ಟರು. ಪ್ಯೂಮಾ ತಿನ್ನಲು ಬಂದಾಗ ಕೆಲವು ಸಲ ಕಪ್ಪೆಗಳ ವಟಗುಟ್ಟುವಿಕೆ, ಕೆಲವು ಸಲ ಮನುಷ್ಯರು ಸಹಜವಾಗಿ ಮಾತಾಡುವ ಧ್ವನಿ ಕೇಳಿಬರುವಂತೆ ಮಾಡಿದರು. ಕಪ್ಪೆಯ ಸದ್ದಿಗೆ ಅವು ಹೆಚ್ಚುಕಡಿಮೆ ತಲೆಯೆತ್ತಿ ನೋಡಲೂ ಇಲ್ಲ, ಇಡೀ ಪ್ರಯೋಗದಲ್ಲಿ ಒಂದೇ ಒಂದು ಸಲ ಮಾತ್ರ ಓಡಿದವು. ಮನುಷ್ಯರ ಮಾತು ಕೇಳಿದಾಗಲಾದರೋ ನೂರಕ್ಕೆ 83 ಸಲ ಹಸಿದ ಪ್ರಾಣಿ ತಾನೇ ಕಷ್ಟಪಟ್ಟು ಹೊಡೆದ ಆಹಾರವನ್ನು ಬಿಟ್ಟು ಓಡಿತು, ಮರಳಿ ಬಂದರೂ ತಿನ್ನುವ ಸಮಯ ಅರ್ಧಕ್ಕೆ ಇಳಿಯಿತು. ಅದೇ ಬೆಟ್ಟಗಳಲ್ಲಿ ಮನೆಗಳು ಹೆಚ್ಚಾಗಿರುವ ಕಡೆ ವಾಸಿಸುವ ಹೆಣ್ಣು ಪ್ಯೂಮಾಗಳು ಉಳಿದವಕ್ಕಿಂತ ಶೇಕಡ 36ರಷ್ಟು ಹೆಚ್ಚು ಜಿಂಕೆಗಳನ್ನು ಕೊಲ್ಲುತ್ತವೆ ಎಂಬುದನ್ನು ಅವರು ಅದಕ್ಕೂ ಮುಂಚೆಯೇ ಕಂಡಿದ್ದರು. ನಮ್ಮ ಭಯದಿಂದ ನೆಮ್ಮದಿಯಾಗಿ ತಿನ್ನಲಾಗದೆ, ಅರ್ಧಕ್ಕೆ ಬಿಟ್ಟು, ಮತ್ತೆ ಬೇಟೆಗಿಳಿಯಬೇಕಾದ ತಾಯಿಯ ಪಾಡು ಅದು. ಆ ಬೆಟ್ಟದಲ್ಲಿ ನಾವು ಹೆದರುವುದಕ್ಕಿಂತ ಹೆಚ್ಚಾಗಿ ನಮಗೆ ಹೆದರುವ ಜೀವವೊಂದಿದೆ ಎಂಬುದನ್ನು ನಿನ್ನ ಮಗಳಿಗೂ ಹೇಳು. ಅವಳಿಗೆ ಹಾಡುವ ಅಭ್ಯಾಸವಿದೆಯಲ್ಲ, ದಾರಿಯುದ್ದಕ್ಕೂ ಹಾಡಲಿ.

ಎದುರಿಗೆ ಕಂಡಾಗ ಪ್ಯೂಮಾದ ಉದ್ದೇಶವನ್ನು ಓದುವುದು ಹೇಗೆ ಎಂಬುದಕ್ಕೆ 2020ರ ಅಕ್ಟೋಬರಿನಲ್ಲಿ ಯೂಟಾ ರಾಜ್ಯದ ಪ್ರೊವೊ ಊರಿನ ಬಳಿ ಸ್ಲೇಟ್ ಕ್ಯಾನ್ಯನ್‌ನಲ್ಲಿ ನಡೆದ ಘಟನೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಓಟಕ್ಕೆ ಹೋಗಿದ್ದ ಯುವಕನೊಬ್ಬ ಹಾದಿಯಲ್ಲಿ ಮರಿಗಳನ್ನು ಕಂಡು ವಿಡಿಯೋ ತೆಗೆಯತೊಡಗಿದ. ಅಷ್ಟರಲ್ಲಿ ತಾಯಿ ಹೊರಬಂದಿತು. ಮುಂದಿನ ಸುಮಾರು ಆರು ನಿಮಿಷ ಅವನು ಬೆನ್ನು ತಿರುಗಿಸದೆ, ಗಟ್ಟಿಯಾಗಿ ಕೂಗುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟ. ತಾಯಿ ಹಲ್ಲು ತೋರಿಸಿ ಬುಸುಗುಡುತ್ತ ಹಿಂಬಾಲಿಸಿತು, ನಡುನಡುವೆ ಎರಡೂ ಮುಂಗಾಲುಗಳನ್ನು ನೆಲಕ್ಕೆ ಅಪ್ಪಳಿಸುತ್ತ ಮುನ್ನುಗ್ಗಿ ಮತ್ತೆ ನಿಂತಿತು. ಕೊನೆಗೆ ಅವನು ಬಗ್ಗಿ ಕಲ್ಲೊಂದನ್ನು ಎತ್ತಿ ಎಸೆದ ಕೂಡಲೇ ತಿರುಗಿ ಓಡಿತು. ಜಗತ್ತೆಲ್ಲ ಅದನ್ನು ನೋಡಿ, ಪ್ಯೂಮಾ ಅವನನ್ನು ಬೇಟೆಯಾಡುತ್ತಿತ್ತು ಎಂದಿತು. ಬೇಟೆಯಾಡುವ ಪ್ಯೂಮಾ ಹಾಗೆ ತನ್ನನ್ನು ತೋರಿಸಿಕೊಳ್ಳುವುದಿಲ್ಲ, ಸದ್ದು ಮಾಡುವುದಿಲ್ಲ, ನೆಲಕ್ಕೆ ಕಾಲು ಬಡಿಯುವುದಿಲ್ಲ. ಆ ತಾಯಿಗೆ ಬೇಕಿದ್ದದ್ದು ಅವನು ಮರಿಗಳಿಂದ ದೂರವಾಗುವುದು, ಅಷ್ಟೇ. ಆರು ನಿಮಿಷದಲ್ಲಿ ಎಷ್ಟೋ ಸಲ ಮೇಲೆ ಬೀಳಬಹುದಾಗಿದ್ದ ಪ್ರಾಣಿ ಒಮ್ಮೆಯೂ ಬೀಳಲಿಲ್ಲ ಎಂಬುದು ಅದರ ಸಂಯಮಕ್ಕೆ ಸಾಕ್ಷಿ.

ನಿಜಕ್ಕೂ ಅಂಜಬೇಕಾದದ್ದು ಸದ್ದಿಲ್ಲದ ಪ್ಯೂಮಾಕ್ಕೆ. ಮೈಯನ್ನು ನೆಲಕ್ಕೆ ಒತ್ತಿ, ತಲೆ ತಗ್ಗಿಸಿ, ಕಣ್ಣು ಕದಲಿಸದೆ, ಬಾಲದ ತುದಿಯನ್ನಷ್ಟೇ ಆಡಿಸುತ್ತಿದ್ದರೆ ಅದು ಹೊಂಚು. ಅಂಥ ದಾಳಿಗಳು ಬಹಳ ಅಪರೂಪ. 1890ರಿಂದ ಈಚೆಗೆ ಇಡೀ ಉತ್ತರ ಅಮೆರಿಕದಲ್ಲಿ ಪ್ಯೂಮಾದಿಂದ ಸತ್ತವರು ಸುಮಾರು 30 ಮಂದಿ. ಹಾಗೆಂದು ನಿನ್ನಿಂದ ಯಾವುದನ್ನೂ ಮುಚ್ಚಿಡಲಾರೆ. 2020ರ ಫೆಬ್ರವರಿಯಲ್ಲಿ ಇದೇ ರಾಂಚೊ ಸಾನ್ ಆಂಟೋನಿಯೊದಲ್ಲಿ, ಹಿರಿಯರೊಂದಿಗೆ ನಡೆಯುತ್ತಿದ್ದ ನಿನ್ನ ಮಗಳ ವಯಸ್ಸಿನದೇ ಒಂದು ಮಗುವಿನ ಮೇಲೆ ಪೊದೆಯಿಂದ ಪ್ಯೂಮಾ ಎರಗಿತು. ಜೊತೆಯಲ್ಲಿದ್ದ ಹಿರಿಯರೊಬ್ಬರು ಅದನ್ನು ಕೈಯಿಂದಲೇ ತಳ್ಳಿದ್ದರಿಂದ ಮಗು ಸಣ್ಣ ಗಾಯಗಳೊಂದಿಗೆ ಉಳಿಯಿತು. 2024ರ ಮಾರ್ಚಿನಲ್ಲಿ ಎಲ್ ಡೊರಾಡೊ ಕೌಂಟಿಯಲ್ಲಿ, ಉದುರಿದ ಜಿಂಕೆಯ ಕೊಂಬುಗಳನ್ನು ಹುಡುಕುತ್ತಿದ್ದ ಇಬ್ಬರು ಅಣ್ಣತಮ್ಮಂದಿರ ಮೇಲೆ ದಾಳಿಯಾಗಿ ಒಬ್ಬ ಸತ್ತ. ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತು ವರ್ಷಗಳಲ್ಲಿ ಅದೇ ಮೊದಲ ಸಾವು. ಆ ಹುಡುಗರು ಓಡಲಿಲ್ಲ, ಕೈಯೆತ್ತಿ ಕೂಗಿದ್ದರು, ಮಾಡಬೇಕಾದದ್ದನ್ನೆಲ್ಲ ಮಾಡಿದ್ದರು. ಆ ಸುದ್ದಿಯನ್ನು ಓದಿದ ದಿನ ಬಹಳ ಹೊತ್ತು ನನಗೆ ಬೇರೇನೂ ಮಾಡಲಾಗಲಿಲ್ಲ. ನಿಯಮಗಳು ಅಪಾಯವನ್ನು ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ.

ಆ ನಿಯಮಗಳೆಲ್ಲ ಹೊಂಚಿ ಬೀಳುವ ಅದರ ಸ್ವಭಾವದಿಂದಲೇ ಹುಟ್ಟಿದವು. ಓಡಿದರೆ ಜಿಂಕೆಯಾಗಿ ಕಾಣುತ್ತೇವೆ, ಆದ್ದರಿಂದ ಓಡಬಾರದು. ಬಗ್ಗಿದರೆ, ಕುಳಿತರೆ ನಾಲ್ಕು ಕಾಲಿನ ಪ್ರಾಣಿಯ ಎತ್ತರಕ್ಕಿಳಿದು ಕುತ್ತಿಗೆಯನ್ನು ತೆರೆದುಕೊಡುತ್ತೇವೆ, ಆದ್ದರಿಂದ ಪ್ಯೂಮಾ ಕಂಡ ತಕ್ಷಣ ಮಗಳನ್ನು ಎತ್ತಿಕೊಳ್ಳಬೇಕು, ಆದರೆ ಅದರ ಮೇಲಿನ ಕಣ್ಣು ತೆಗೆಯದೆ, ಆದಷ್ಟು ಬಗ್ಗದೆ ಎತ್ತಿಕೊಳ್ಳಬೇಕು. ಇದನ್ನು ಮನೆಯಲ್ಲೇ ಒಂದೆರಡು ಸಲ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು. ತನ್ನನ್ನು ಕಂಡುಬಿಟ್ಟರೆಂದು ಪ್ಯೂಮಾಕ್ಕೆ ಗೊತ್ತಾದ ಕೂಡಲೇ ಹೊಂಚಿನ ಅರ್ಧ ಬಲ ಹೋಗುವುದರಿಂದ ದಿಟ್ಟಿಸಿ ನೋಡಬೇಕು, ಜಾಕೆಟನ್ನು ಎರಡೂ ಕೈಯಿಂದ ಮೇಲೆತ್ತಿ ದೊಡ್ಡದಾಗಿ ಕಾಣಬೇಕು, ಗಡುಸಾದ ಧ್ವನಿಯಲ್ಲಿ ಕೂಗುತ್ತ ನಿಧಾನವಾಗಿ ಹಿಂದೆ ಸರಿಯಬೇಕು, ಅದಕ್ಕೆ ಹೋಗಲು ದಾರಿ ಬಿಡಬೇಕು. ಮೇಲೆ ಬಿದ್ದರೆ ಸತ್ತಂತೆ ಮಲಗುವುದು ತಪ್ಪು. ಕುತ್ತಿಗೆಯನ್ನು ಕಾಪಾಡಿಕೊಂಡು ಕೈಗೆ ಸಿಕ್ಕಿದ ಕೋಲು, ಕಲ್ಲು, ನೀರಿನ ಬಾಟಲಿ ಯಾವುದರಿಂದಲಾದರೂ ಹೊಡೆಯಬೇಕು. ಹಾಗೆ ಎದುರು ನಿಂತು ಹೋರಾಡಿ ಬದುಕಿದವರು ಹಲವರಿದ್ದಾರೆ.

ನೀವು ಹೋಗುವಾಗ ತಂದೆಯವರಿಗೆ ಕಷ್ಟವಾಗದಂತೆ ಡೀರ್ ಹಾಲೋ ಫಾರ್ಮ್‌ವರೆಗಿನ ಸಮತಟ್ಟು ಹಾದಿಯನ್ನೇ ಹಿಡಿಯಿರಿ. ಅಲ್ಲಿ ಸದಾ ಜನರಿರುತ್ತಾರೆ. ಪ್ಯೂಮಾ ಹೆಚ್ಚಾಗಿ ಓಡಾಡುವುದು ಮುಂಜಾವಿನ, ಮುಸ್ಸಂಜೆಯ ಮಬ್ಬಿನಲ್ಲಿ ಹಾಗೂ ರಾತ್ರಿಯಲ್ಲಾದ್ದರಿಂದ ಬಿಸಿಲೇರಿದ ಮೇಲೆ ಹೊರಟು ಮಧ್ಯಾಹ್ನದೊಳಗೆ ಮರಳಿದರೆ ಸಾಕು. ಮಗಳು ಮುಂದೆ ಓಡುವುದು ಬೇಡ, ಹಿಂದೆ ಉಳಿಯುವುದೂ ಬೇಡ, ನಿಮ್ಮಿಬ್ಬರ ನಡುವೆ ಇರಲಿ.

ಇನ್ನೊಂದು ವಿಷಯ. ಲಾಸ್ ಏಂಜಲೀಸ್‌ನ ಪಿ-22 ಎಂಬ ಗಂಡು ಪ್ಯೂಮಾದ ಬಗ್ಗೆ ನೀನೂ ಕೇಳಿರಬಹುದು. ಸಾಂತಾ ಮೋನಿಕಾ ಬೆಟ್ಟಗಳಿಂದ ಎರಡು ಮಹಾ ಹೆದ್ದಾರಿಗಳನ್ನು ದಾಟಿ ಬಂದು, 2012ರಿಂದ ಗ್ರಿಫಿತ್ ಪಾರ್ಕ್‌ನ ಎಂಟು ಚದರ ಮೈಲಿಯಷ್ಟೇ ಜಾಗದಲ್ಲಿ, ಸಂಗಾತಿಯೇ ಇಲ್ಲದೆ ಹತ್ತು ವರ್ಷ ಬದುಕಿತು. ಸುತ್ತ ಲಕ್ಷಾಂತರ ಜನರಿದ್ದರೂ ಆ ಹತ್ತು ವರ್ಷದಲ್ಲಿ ಒಬ್ಬ ಮನುಷ್ಯನ ಮೇಲೂ ಅದು ಎರಗಲಿಲ್ಲ. 2014ರಲ್ಲಿ ಅದು ಕಜ್ಜಿ ಹಿಡಿದು, ರೋಮ ಉದುರಿ, ಗುರುತೇ ಸಿಗದಂತಾಯಿತು. ರಕ್ತ ಪರೀಕ್ಷೆಯಲ್ಲಿ ಕಂಡದ್ದು ಇಲಿ ಪಾಷಾಣ. ಪಾಷಾಣ ತಿಂದ ಇಲಿ, ಅಳಿಲುಗಳನ್ನು ತಿನ್ನುವ ಸಣ್ಣ ಪ್ರಾಣಿಗಳ ಮೂಲಕ ಅದು ಪ್ಯೂಮಾದವರೆಗೆ ಏರುತ್ತದೆ. ಚಿಕಿತ್ಸೆಯಿಂದ ಚೇತರಿಸಿಕೊಂಡ ಆ ಪ್ರಾಣಿಗೆ ಕೊನೆಗೆ ವಾಹನ ಬಡಿದಂಥ ಗಾಯಗಳಿದ್ದವು, ಕಾಯಿಲೆಗಳೂ ಕೂಡಿಕೊಂಡಿದ್ದವು. 2022ರ ಡಿಸೆಂಬರ್ 17ರಂದು ಅದಕ್ಕೆ ದಯಾಮರಣ ನೀಡಲಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಗೌರಾ ಹಿಲ್ಸ್‌ನಲ್ಲಿ ಹೆದ್ದಾರಿ 101ರ ಮೇಲೆ ವನ್ಯಜೀವಿಗಳಿಗಾಗಿ ಸೇತುವೆಯೊಂದರ ಕೆಲಸ ಆರಂಭವಾಗಿತ್ತು. ಬಲಿಷ್ಠ ಇಲಿ ಪಾಷಾಣಗಳ ಬಳಕೆಯನ್ನು 2021ರ ಜನವರಿಯಿಂದ ಈ ರಾಜ್ಯದಲ್ಲಿ ಬಹುಮಟ್ಟಿಗೆ ನಿಷೇಧಿಸಲಾಗಿದೆ. ನಿನ್ನ ಗ್ಯಾರೇಜಿನಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋದ ಇಲಿ ಪಾಷಾಣದ ಡಬ್ಬವಿದೆ, ಉಪಯೋಗಿಸಲೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀಯೆ. ದಯವಿಟ್ಟು ಬೇಡ. ಕಸದ ಬುಟ್ಟಿಗೂ ಹಾಕಬೇಡ, ಕೌಂಟಿಯವರು ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವ ಕಡೆ ಕೊಟ್ಟುಬಿಡು. ಇಲಿಬೋನುಗಳು ನನ್ನಲ್ಲಿವೆ, ಭಾನುವಾರ ಬರುವಾಗ ತರುತ್ತೇನೆ.

ತಂದೆಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ,
ಶ್ರೀಧರ