ಕೇಳೋಕೆ ನಾಚಿಕೆ ಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ನೀನು ಕನ್ನಡ ನಿಧಾನವಾಗಿ ಓದುತ್ತೀಯ ಅಂತ ಗೊತ್ತು. ಅರ್ಥವಾಗದ ಕಡೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿಡು, ರಾತ್ರಿ ಕೂತು ಹೇಳುತ್ತೇನೆ. ಈ ಮಾತು ನನಗೆ ಇಂಗ್ಲಿಷಿನಲ್ಲಿ ಬರೆಯೋಕೆ ಬರಲ್ಲ.

ನಿನ್ನೆ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ನೀನು ಅತ್ತದ್ದು ನೋಡಿದೆ. ನಮ್ಮ ಪಿಯುಸಿ ಥರದ ಎ ಲೆವೆಲ್‌ಗೆ ಮೂರು ವಿಷಯ, ಅದರ ಮೇಲೆ ಈ ಇಪಿಕ್ಯೂ ಅನ್ನೋ ಸ್ವಂತ ಸಂಶೋಧನೆಯ ಪ್ರಾಜೆಕ್ಟ್. 5,000 ಪದದ ವರದಿ, ವಿಷಯ ನೀನೇ ಆರಿಸಬೇಕು, ಹುಡುಕಾಟವೂ ನಿನ್ನದೇ. ಅಜ್ಜಿ ಪ್ಲೇಗ್ ಮಾರಮ್ಮನ ಕಥೆ ಹೇಳಿದ್ದೇ ತಡ, 1898ರ ಬೆಂಗಳೂರಿನ ಪ್ಲೇಗ್ ಬಗ್ಗೆಯೇ ಬರೀತೀನಿ ಅಂತ ಹಟ ಹಿಡಿದೆ. ನನಗೆ ಎಷ್ಟು ಖುಷಿಯಾಯಿತು ಅಂತ ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಆದರೆ ನಿನ್ನೆ ನೀನು, "ಎಲ್ಲಾ ಕಡೆ ಅದೇ ನಾಲ್ಕು ಸಾಲು ಅಮ್ಮಾ" ಅಂದೆ. ಲೈಬ್ರರಿ ಮಿಸ್ ಹತ್ತಿರ ಕೇಳಿದೆಯಾ ಅಂದಾಗ, "ಇಷ್ಟು ಚಿಕ್ಕದಕ್ಕೆ ಹೋದ್ರೆ ಅವರು ಏನಂದ್ಕೋತಾರೆ?" ಅಂದೆ.

ಅದು ನನ್ನದೇ ಮಾತು, ಪುಟ್ಟಿ. ಅದಕ್ಕೇ ರಾತ್ರಿ ನಿದ್ದೆ ಬರಲಿಲ್ಲ.

ನಾನು ಪಿಯುಸಿ ಓದಿದ ಕಾಲೇಜಿನಲ್ಲಿ ಪುಸ್ತಕವೆಲ್ಲ ಗಾಜಿನ ಬೀರುಗಳಲ್ಲಿ ಇರುತ್ತಿತ್ತು. ಬೀರುಗಳಿಗೆ ಬೀಗ. ಬೀಗದ ಕೈ ಗೊಂಚಲು ಲೈಬ್ರೇರಿಯನ್ ಸೊಂಟದಲ್ಲಿ. ಗಾಜಿನ ಆಚೆಯಿಂದ ಪುಸ್ತಕದ ಬೆನ್ನು ಓದಿ, ಚೀಟಿಯಲ್ಲಿ ಹೆಸರು ಬರೆದು, ಕೌಂಟರಿನಲ್ಲಿ ಕೊಟ್ಟು ಕಾಯಬೇಕು. ಒಂದು ಸಲ ಗಿಡಗಳ ಬಗ್ಗೆ ಒಂದು ಹಸಿರು ರಟ್ಟಿನ ಪುಸ್ತಕ ಕಣ್ಣಿಗೆ ಬಿತ್ತು. ಚೀಟಿ ಬರೆದೆ. ಸರದಿ ಬರುವಷ್ಟರಲ್ಲಿ ಅದು ಬೆವರಿಗೆ ಮೆತ್ತಗಾಗಿತ್ತು. ಅವರು ಓದಿ, "ಇದು ಡಿಗ್ರಿಯವರದು, ನಿನಗ್ಯಾಕೆ?" ಅಂದರು. ಹಿಂದೆ ನಿಂತಿದ್ದ ಹುಡುಗರು ನಕ್ಕರು. ಚೀಟಿಯನ್ನು ಮುಷ್ಟಿಯಲ್ಲಿ ಮುದುಡಿಕೊಂಡು ಆಚೆ ಬಂದೆ. ಪರೀಕ್ಷೆ ಮುಗಿದು ಕಾಲೇಜು ಬಿಡುವವರೆಗೂ ಆ ಕೌಂಟರಿಗೆ ಮತ್ತೆ ಹೋಗಲಿಲ್ಲ. ಆ ಪುಸ್ತಕದಲ್ಲಿ ಏನಿತ್ತು ಅಂತ ಇವತ್ತಿಗೂ ಗೊತ್ತಿಲ್ಲ.

ನಿನಗೆ ಅಂಥ ಬೀಗ ಇಲ್ಲ. ಸೆಪ್ಟೆಂಬರಿನಲ್ಲಿ ಸಿಕ್ಸ್ತ್ ಫಾರ್ಮ್, ಅಂದರೆ ಶಾಲೆಯ ಕೊನೆಯ ಎರಡು ವರ್ಷದವರ, ಪೇರೆಂಟ್ಸ್ ಈವ್ನಿಂಗ್‌ಗೆ ಬಂದಾಗ ನಿಮ್ಮ ಲೈಬ್ರರಿಯಲ್ಲಿ ಸುಮ್ನೆ ಒಂದು ಸುತ್ತು ಹಾಕಿದೆ. ಕಿಟಕಿ ಪಕ್ಕ ಇಯರ್ 12, 13ರವರಿಗೇ ಅಂತ ಮೇಜುಗಳು. ಗೋಡೆಗೆ ಒಂದು ಕಾಗದ ಅಂಟಿಸಿದ್ದರು: ಮಧ್ಯಾಹ್ನ ಪುಸ್ತಕದ ಗುಂಪು, ವಿಶ್ವವಿದ್ಯಾಲಯಕ್ಕೆ ಸೇರೋ ಯೂಕ್ಯಾಸ್ ಅರ್ಜಿ ಬರೆಯೋಕೆ ಸಹಾಯ, ಅಕ್ಟೋಬರಿನಲ್ಲಿ ಕವಿತೆ ಓದು, ಪ್ರತಿ ಗುರುವಾರ ಶಾಲೆ ಬಿಟ್ಟ ಮೇಲೆ ಇಪಿಕ್ಯೂ ಹುಡುಕಾಟದ ತರಗತಿ. ಇಷ್ಟೆಲ್ಲ ಒಬ್ಬರೇ ನಡೆಸುತ್ತಾರಂತೆ. ನಾನು ಆ ಕಾಗದದ ಮುಂದೆ ತುಂಬಾ ಹೊತ್ತು ನಿಂತಿದ್ದೆ, ನೀನು ಕೈ ಹಿಡಿದು ಎಳೆದೆ.

ನಿಮ್ಮ ಮಿಸ್ ನನಗೆ ಒಂದು ವಿಷಯ ಹೇಳಿದರು. ಇಂಗ್ಲೆಂಡಿನಲ್ಲಿ ಜೈಲಿಗೆ ಲೈಬ್ರರಿ ಇರಲೇಬೇಕು ಅಂತ ಕಾನೂನಿದೆ, ಶಾಲೆಗೆ ಇಲ್ಲ. ಅಂದರೆ ನಿಮ್ಮ ಶಾಲೆಯವರು ಬೇಕು ಅಂತಲೇ ಇದನ್ನು ಇಟ್ಟುಕೊಂಡಿದ್ದಾರೆ. ನಾಳೆ ದುಡ್ಡು ಸಾಲದಿದ್ದರೆ ಮೊದಲು ಇದಕ್ಕೇ ಕತ್ತರಿ ಬೀಳಬಹುದು. ಬರೀ ಫೋನ್ ಚಾರ್ಜ್ ಮಾಡೋಕೆ ಅಲ್ಲಿಗೆ ಹೋಗಬೇಡ ಕಂದಾ.

ಇನ್ನೊಬ್ಬರ ಕಥೆ ಹೇಳಬೇಕು. ನಮ್ಮ ಊರಿಗೇ ಸಂಬಂಧಪಟ್ಟದ್ದು, ಈ ಊರಿಗೂ, ಆ ಊರಿಗೂ. ಎಸ್. ಆರ್. ರಂಗನಾಥನ್ ಅಂತ ಮದ್ರಾಸಿನಲ್ಲಿ ಗಣಿತದ ಮೇಷ್ಟ್ರು. 1924ರಲ್ಲಿ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದರು. ಕೆಲಸ ಬೇಜಾರಾಗಿ ವಾಪಸ್ ಪಾಠ ಮಾಡೋಕೆ ಹೋಗ್ತೀನಿ ಅಂದರು. ಮೊದಲು ಲಂಡನ್‌ಗೆ ಹೋಗಿ ಕಲಿತು ಬನ್ನಿ ಅಂತ ಕಳಿಸಿದರು. ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಪಾಠ ಹೇಳಿದ ಬರ್ವಿಕ್ ಸೇಯರ್ಸ್ ಯಾರು ಗೊತ್ತಾ? ನಾವಿರುವ ಈ ಕ್ರಾಯ್ಡನ್‌ನ ಚೀಫ್ ಲೈಬ್ರೇರಿಯನ್! ಸೆಲ್ಫ್ರಿಜಸ್ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ನೋಡಿ, ಬಿಡಿ ತುಂಡುಗಳನ್ನು ಜೋಡಿಸಿದ ಹಾಗೆ ಪುಸ್ತಕದ ವಿಷಯಗಳನ್ನೂ ಜೋಡಿಸಬಹುದಲ್ವಾ ಅಂತ ರಂಗನಾಥನ್ ಅವರಿಗೆ ಹೊಳೆಯಿತು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಲೈಬ್ರೇರಿಯನ್‌ಗಳಿಗೆ ಕಲಿಸುವ ಕೇಂದ್ರ ಕಟ್ಟಿದರು, ಕೊನೆಯವರೆಗೂ ಅಲ್ಲೇ ಇದ್ದರು. ಅವರು ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಿ ಅಂತ. ನೀನು ಮೇಜಿನ ಹತ್ತಿರ ಹೋಗಿ ಕೇಳಿದರೆ ಮಿಸ್‌ಗೆ ತೊಂದರೆ ಕೊಟ್ಟ ಹಾಗಲ್ಲ. ಅವರ ಕೆಲಸವೇ ಅದು.

ಬೆಳಿಗ್ಗೆ ನಾನೇ ಮಿಸ್‌ಗೆ ಮೇಲ್ ಹಾಕಿದೆ. ಸಿಟ್ಟು ಮಾಡ್ಕೋಬೇಡ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಬ್ರಿಟಿಷರ ಕಾಲದ ಭಾರತದ ರೋಗಗಳ ವರದಿಗಳನ್ನು ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿ ಸ್ಕ್ಯಾನ್ ಮಾಡಿ ಆನ್‌ಲೈನಲ್ಲಿ ಹಾಕಿದೆಯಂತೆ. ಪೂರ್ತಿ ಉಚಿತ. ಪ್ಲೇಗಿನದೂ ಇದೆ. ಲಂಡನ್ನಿನ ಯೂಸ್ಟನ್‌ನಲ್ಲಿರುವ ವೆಲ್ಕಮ್ ಕಲೆಕ್ಷನ್‌ ಅನ್ನೋ ಮ್ಯೂಸಿಯಂನವರೂ ಹಳೆಯ ವೈದ್ಯಕೀಯ ಚಿತ್ರಗಳನ್ನು, ಪುಸ್ತಕಗಳನ್ನು ಹಾಗೇ ಆನ್‌ಲೈನಲ್ಲಿ ಇಟ್ಟಿದ್ದಾರಂತೆ. ಸಂಶೋಧನಾ ಲೇಖನಗಳು ಸಿಗೋ ಜೇಸ್ಟೋರ್ ವೆಬ್‌ಸೈಟಿನ ಪಾಸ್‌ವರ್ಡ್ ಶಾಲೆಯಲ್ಲೇ ಇದೆಯಂತೆ, ಯಾರೂ ಕೇಳುವುದೇ ಇಲ್ಲ ಅಂತ ಬರೆದಿದ್ದರು. ಆ ಸಾಲು ಓದಿ ಹೊಟ್ಟೆ ಚುರ್ ಅಂತು.

ವರದಿಗಳನ್ನು ಬರೆದವರು ಅಧಿಕಾರಿಗಳು, ಅದು ನೆನಪಿರಲಿ. ಸತ್ತವರ ಲೆಕ್ಕ, ಸುಟ್ಟ ಗುಡಿಸಲ ಲೆಕ್ಕ ಅದರಲ್ಲಿ ಸಿಗಬಹುದು. ಮಾರಮ್ಮನಿಗೆ ಹರಕೆ ಹೊತ್ತ ಹೆಂಗಸಿನ ಮಾತು ಸಿಗಲಾರದು. ಅದು ಅಜ್ಜಿ ಹತ್ತಿರ ಇದೆ. ಎರಡನ್ನೂ ಪಕ್ಕಪಕ್ಕ ಇಡೋದು ಹೇಗೆ ಅಂತ ಮಿಸ್‌ನ ಕೇಳು. ಏನು ಹುಡುಕಿದೆ, ಏನು ಸಿಗಲಿಲ್ಲ, ಎಲ್ಲಾ ನಿನ್ನ ಪ್ರೊಡಕ್ಷನ್ ಲಾಗ್‌ನಲ್ಲಿ ಬರೆದಿಡು. ಅದಕ್ಕೂ ಅಂಕ ಇದೆ, ಅಲ್ವಾ?

ನಾಳೆ ಗುರುವಾರ. ತರಗತಿ ಮೂರೂಮುಕ್ಕಾಲಿಗೆ. ಡಬ್ಬಿಯಲ್ಲಿ ಚಿತ್ರಾನ್ನ ಜಾಸ್ತಿನೇ ಹಾಕಿರ್ತೀನಿ, ಹಸಿದುಕೊಂಡು ಕೂರಬೇಡ. ಭಾನುವಾರ ಅಜ್ಜಿಗೆ ಫೋನ್ ಮಾಡೋಣ. ಆ ಗುಡಿ ಯಾವ ಬೀದಿಯಲ್ಲಿದೆ, ಪ್ಲೇಗಿನ ಕಥೆ ಅವರಿಗೆ ಹೇಳಿದವರು ಯಾರು ಅಂತ ಕೇಳಿ ಬರೆದುಕೋ.

ನಿನ್ನ,
ಅಮ್ಮ