ಬೆಟ್ಟ ಅಗೆದು ಇಲಿ ಹಿಡಿದವರಿಗೆ ವಂದನೆ

ಮೆಟಲ್ ಡಿಟೆಕ್ಟರ್ ಹಿಡಿದು ಹೊಲ, ಬಯಲು, ಮರಳು ತಿರುಗುವ ಹವ್ಯಾಸಿಗಳು ಬರೆದು ಕಳಿಸಿದ ಟಿಪ್ಪಣಿಗಳನ್ನೆಲ್ಲ ಒಂದು ಕೈಪಿಡಿಯಾಗಿ ಜೋಡಿಸುವ ಕೆಲಸ ಕೊನೆಗೂ ಮುಗಿಯಿತು. ಮುನ್ನುಡಿಯ ಜಾಗದಲ್ಲಿ ಈ ಕೃತಜ್ಞತೆಯನ್ನೇ ಇಟ್ಟಿದ್ದೇವೆ. ಹೊಳೆಯುವ ನಾಣ್ಯದ ಫೋಟೊ ಕಳಿಸಿದವರಿಗೆ ಸಂತೋಷದ ನಮಸ್ಕಾರ. ಆದರೆ ಕೈಪಿಡಿಗೆ ತೂಕ ಬಂದದ್ದು ಬೆಟ್ಟ ಅಗೆದು ಇಲಿ ಹಿಡಿದವರಿಂದ. ಮೂರು ತಾಸು ತಿರುಗಿ ಹನ್ನೆರಡು ಮೊಳೆ, ನಾಲ್ಕು ಬಾಟಲಿ ಮುಚ್ಚಳ ತಂದು, ಅವು ಎಷ್ಟು ಆಳದಲ್ಲಿದ್ದವು, ಯಾವ ದನಿ ಕೊಟ್ಟವು, ಯಾಕೆ ನಂಬಿ ಅಗೆದೆವು ಎಂದು ಬೇಸರವಿಲ್ಲದೆ ಬರೆದಿಟ್ಟ ನಿಮಗೆ. ಕೊಪ್ಪರಿಗೆ ಸಿಕ್ಕಿತೆಂಬ ಸುದ್ದಿಯಿಂದ ಇನ್ನೊಬ್ಬರು ಕಲಿಯುವುದು ಕಡಿಮೆ. ಮೊಳೆ ಹೇಗೆ ಮೋಸ ಮಾಡಿತು ಎಂಬುದರಿಂದ ಕಲಿಯುವುದು ಬಹಳ.

ಮೊಳೆಯಿಂದಲೇ ಶುರು ಮಾಡೋಣ. ಕಬ್ಬಿಣಕ್ಕೆ ತಗ್ಗಿನ ದನಿ, ಬೆಳ್ಳಿ ತಾಮ್ರಕ್ಕೆ ಏರಿದ ದನಿ ಎಂದು ಯಂತ್ರದ ಜೊತೆ ಬರುವ ಪುಸ್ತಕ ಹೇಳುತ್ತದೆ. ಅಗಲವಾದ ಚಪ್ಪಟೆ ಕಬ್ಬಿಣ, ಉಂಗುರದಾಕಾರದ ಕಬ್ಬಿಣ, ಬಾಗಿದ ಮೊಳೆ ಈ ಮೂರೂ ಆ ಮಾತನ್ನು ಸುಳ್ಳು ಮಾಡುತ್ತವೆ ಎಂದು ಉದಾಹರಣೆ ಸಮೇತ ತೋರಿಸಿದವರು ನೀವು. ದನಿ ಬಂದ ಜಾಗದ ಸುತ್ತ 90 ಡಿಗ್ರಿ ಸರಿದು ನಿಂತು ಮತ್ತೆ ಬೀಸಿ ನೋಡಬೇಕು. ನಾಣ್ಯವಾದರೆ ಎರಡೂ ಕಡೆಯಿಂದ ಒಂದೇ ದನಿ, ಯಂತ್ರದ ಪರದೆಯ ಅಂಕಿಯೂ ಹೆಚ್ಚು ಕಡಿಮೆ ಅದೇ. ಮೊಳೆಯಾದರೆ ಒಂದು ಕಡೆಯಿಂದ ಸಿಹಿಯಾಗಿ ಕೂಗಿ ಇನ್ನೊಂದು ಕಡೆಯಿಂದ ಕರಕರ ಅನ್ನುತ್ತದೆ, ಇಲ್ಲವೇ ದನಿಯ ಜಾಗವೇ ಅಂಗೈಯಷ್ಟು ಪಕ್ಕಕ್ಕೆ ಸರಿಯುತ್ತದೆ. ಗುಂಡಿ ತೋಡಿದ ಮೇಲೆ ದನಿ ಮಾಯವಾಯಿತೇ? ತುಕ್ಕು ಸುತ್ತಲಿನ ಮಣ್ಣಿಗೂ ಇಳಿದು, ಮೊಳೆಯನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ತೋರಿಸಿತ್ತು. ಮಣ್ಣು ಕದಡಿದೊಡನೆ ಆ ಹಿಗ್ಗು ಹೋಯಿತು, ಅಷ್ಟೇ. ಇದು ಗೊತ್ತಿಲ್ಲದವರು ಇಲ್ಲದ ವಸ್ತುವಿಗಾಗಿ ಮೊಣಕಾಲುದ್ದ ಅಗೆಯುತ್ತಾರೆ.

ಡಿಸ್ಕ್ರಿಮಿನೇಷನ್ (ಬೇಡದ ಲೋಹದ ದನಿ ಅಡಗಿಸುವ ಹೊಂದಿಕೆ) ಏರಿಸಿ ಕಸದ ದನಿಯನ್ನೆಲ್ಲ ಮುಚ್ಚಿಬಿಡುವ ಆಸೆ ಯಾರಿಗಿಲ್ಲ? ಅದನ್ನು ಬಿಡಿಸಿದ್ದು ನಿಮ್ಮ ಅಲ್ಯೂಮಿನಿಯಂ ಪಟ್ಟಿ. ಡಬ್ಬಿಯ ಮುಚ್ಚಳ ಎಳೆಯುವ ಕಿವಿ, ಸಿಗರೇಟ್ ಪೊಟ್ಟಣದ ಹಾಳೆ, ಚಾಕೊಲೇಟ್ ಸುತ್ತಿದ ಕಾಗದ ಇವುಗಳ ಅಂಕಿಯೂ ಸಣ್ಣ ಚಿನ್ನದುಂಗುರದ ಅಂಕಿಯೂ ಒಂದರ ಮೇಲೊಂದು ಬೀಳುತ್ತವೆ. ಯಂತ್ರ ಅಳೆಯುವುದು ಲೋಹದ ಜಾತಿಯನ್ನಲ್ಲ. ಆ ವಸ್ತು ಎಷ್ಟು ವಿದ್ಯುತ್ ಹರಿಯಬಿಡುತ್ತದೆ, ಗಾತ್ರ ಎಷ್ಟು, ಆಕಾರ ಯಾವುದು ಎಂಬ ಮೂರೂ ಸೇರಿದ ಒಂದು ಉತ್ತರವನ್ನು. ಹಾಗಾಗಿ ಆ ದನಿಯನ್ನು ಮುಚ್ಚಿದವರು ಉಂಗುರವನ್ನೂ ಮುಚ್ಚಿದ ಹಾಗೆ. ಜನ ಕೂತೆದ್ದು ಹೋಗುವ ಜಾಗದಲ್ಲಿ ಕಬ್ಬಿಣವನ್ನಷ್ಟೇ ತಳ್ಳಿಹಾಕಿ ಉಳಿದದ್ದನ್ನೆಲ್ಲ ಅಗೆಯಿರಿ ಎಂಬ ಸಲಹೆ ಬೆನ್ನಿಗೆ ಕಷ್ಟ. ಬೇರೆ ದಾರಿ ಮಾತ್ರ ಇಲ್ಲ.

ಕಾಯಿಲ್ (ಕೋಲಿನ ತುದಿಯಲ್ಲಿರುವ ತಂತಿ ಸುರುಳಿಯ ತಟ್ಟೆ) ಬೀಸುವ ರೀತಿಯ ಬಗ್ಗೆ ಒಬ್ಬರು ಎರಡು ಪುಟ ಬರೆದರು. ಇಷ್ಟು ಬೇಕೇ ಅನ್ನಿಸಿತ್ತು, ಬೇಕಿತ್ತು. ಹೊಸಬರ ಬೀಸು ಗಡಿಯಾರದ ಲೋಲಕದಂತೆ: ನಡುವೆ ನೆಲಕ್ಕೆ ತಾಗುವಷ್ಟು, ಎರಡು ತುದಿಯಲ್ಲಿ ಒಂದು ಗೇಣು ಮೇಲೆ. ಕಾಯಿಲ್‌ನ ಅಗಲಕ್ಕಿಂತ ದೂರ ಹೆಚ್ಚಾದಾಗ, ದೂರ ಇಮ್ಮಡಿಯಾದರೆ ಮರಳಿ ಬರುವ ಸಂಕೇತ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತುದಿಯಲ್ಲಿ ಗಾಳಿಗೆ ಬಿಟ್ಟ ಆ ಗೇಣು ಆಳದ ನಾಣ್ಯವನ್ನು ನುಂಗುವುದು ಹೀಗೆ. ಕಾಯಿಲ್ ನೆಲದಿಂದ ಒಂದೆರಡು ಸೆಂಟಿಮೀಟರ್ ಎತ್ತರದಲ್ಲಿ ಉದ್ದಕ್ಕೂ ಸಮನಾಗಿ ಓಡಬೇಕು, ಪ್ರತಿ ಬೀಸು ಹಿಂದಿನ ಬೀಸಿನ ಅರ್ಧವನ್ನಾದರೂ ಮುಚ್ಚಬೇಕು. ಗ್ರೌಂಡ್ ಬ್ಯಾಲೆನ್ಸ್ (ನೆಲದ ಖನಿಜಕ್ಕೆ ಯಂತ್ರ ಕೂಗದಂತೆ ಹೊಂದಿಸುವುದು) ಮಾಡುವಾಗ ಕೆಳಗೆ ಲೋಹವಿಲ್ಲದ ಜಾಗ ಆರಿಸಿ, ಕಾಯಿಲನ್ನು ನೆಲದ ಸಮೀಪದಿಂದ 15 ಸೆಂಟಿಮೀಟರ್‌ವರೆಗೆ ಏರಿಳಿಸಿ, ದನಿ ಏರಿಳಿಯದೆ ಒಂದೇ ಸಮ ನಿಲ್ಲುವವರೆಗೆ ಹೊಂದಿಸಬೇಕು. ಕೆಂಪು ಮಣ್ಣಿನಿಂದ ಕಪ್ಪು ಮಣ್ಣಿಗೆ ದಾಟಿದರೆ, ಒಣ ನೆಲದಿಂದ ಒದ್ದೆ ನೆಲಕ್ಕೆ ಇಳಿದರೆ ಮತ್ತೆ ಮೊದಲಿಂದ. ಯಂತ್ರ ಸುಮ್ಮನೆ ವಟಗುಟ್ಟುತ್ತಿದ್ದರೆ ಸೆನ್ಸಿಟಿವಿಟಿಯನ್ನು ಒಂದೊಂದೇ ಮೆಟ್ಟಿಲು ಇಳಿಸಿ. ಗದ್ದಲದಲ್ಲಿ ಮುಚ್ಚಿಹೋಗುವ ಆಳಕ್ಕಿಂತ, ಇಳಿಸಿ ಕಳೆದುಕೊಂಡ ಆಳ ಚಿಕ್ಕದು.

ಗದ್ದಲಕ್ಕೆ ಕಾರಣ ನೆಲವೇ ಆಗಬೇಕಿಲ್ಲ. ಜೇಬಿನ ಮೊಬೈಲ್, ತಲೆಯ ಮೇಲಿನ ವಿದ್ಯುತ್ ತಂತಿ, ಹತ್ತು ಹೆಜ್ಜೆಯಾಚೆ ಅದೇ ಫ್ರೀಕ್ವೆನ್ಸಿಯಲ್ಲಿ ಓಡುತ್ತಿರುವ ಗೆಳೆಯನ ಯಂತ್ರ, ಉಕ್ಕಿನ ಮೂತಿಯ ಬೂಟು, ಇವನ್ನೆಲ್ಲ ಪಟ್ಟಿ ಮಾಡಿದವರಿಗೆ ಒಂದು ಹಳೆಯ ಸಂಗತಿ ನೆನಪಿಸಬೇಕು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯೊಳಗೆ ಉಳಿದಿದ್ದ ಗುಂಡನ್ನು ಹುಡುಕಲು ಅಲೆಗ್ಸಾಂಡರ್ ಗ್ರಹಾಂ ಬೆಲ್ ತಾನೇ ಮಾಡಿದ ಯಂತ್ರ ತಂದಾಗ ಅಡ್ಡ ಬಂದದ್ದು ಹಾಸಿಗೆಯಡಿಯ ಉಕ್ಕಿನ ತಂತಿ. ಬೆಲ್‌ಗೇ ಹಾಗಾದ ಮೇಲೆ ಬೂಟಿನ ಮೂತಿಗೆ ನಾಚಬೇಕಾಗಿಲ್ಲ.

ಗುಂಡಿ ಮುಚ್ಚುವವರಿಗೆ ಬೇರೆಯದೇ ವಂದನೆ, ಯಾಕೆಂದರೆ ಈ ಹವ್ಯಾಸಕ್ಕೆ ಜಾಗ ಉಳಿದಿರುವುದು ನಿಮ್ಮಿಂದ. ಹುಲ್ಲಿನ ನೆಲವಾದರೆ ಕುದುರೆಲಾಳದ ಆಕಾರದಲ್ಲಿ ಮೂರು ಕಡೆ ಮಾತ್ರ 8ರಿಂದ 10 ಸೆಂಟಿಮೀಟರ್ ಆಳಕ್ಕೆ ಕತ್ತರಿಸಿ, ನಾಲ್ಕನೆಯ ಕಡೆಯನ್ನು ಕದದ ಕೀಲಿನಂತೆ ಬಿಡಬೇಕು. ಬೇರು ಅಲ್ಲಿ ಕಡಿಯದಿರುವುದರಿಂದ ಹುಲ್ಲು ಬದುಕುತ್ತದೆ. ತೆಳ್ಳಗೆ ಕತ್ತರಿಸಿದರೆ ಮಣ್ಣೆಲ್ಲ ಉದುರಿ ಬರೀ ಚಾಪೆ ಕೈಗೆ ಬರುತ್ತದೆ, ಅದು ಎರಡೇ ದಿನಕ್ಕೆ ಒಣಗುತ್ತದೆ. ಸಡಿಲ ಮಣ್ಣನ್ನು ಹುಲ್ಲಿನ ಮೇಲೆ ಸುರಿಯದೆ ಬಟ್ಟೆಯ ಮೇಲೆ ಹಾಕಿ. ವಸ್ತು ಸಿಕ್ಕಿದ ಮೇಲೂ ಗುಂಡಿಯೊಳಗೆ ಇನ್ನೊಮ್ಮೆ ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್ ಆದ ಪಿನ್‌ಪಾಯಿಂಟರ್ ಆಡಿಸಿ, ಒಂದು ನಾಣ್ಯವಿದ್ದಲ್ಲಿ ಎರಡನೆಯದೂ ಇರುವುದುಂಟು. ಬಟ್ಟೆ ಎತ್ತಿ ಮಣ್ಣೆಲ್ಲ ಒಳಗೆ ಸುರಿದು ಕದ ಮುಚ್ಚಿ ತುಳಿಯಿರಿ. ಬಿರುಬೇಸಿಗೆಯಲ್ಲಿ ಹುಲ್ಲನ್ನು ಕತ್ತರಿಸಲೇ ಬಾರದು, ಎಷ್ಟು ನಾಜೂಕಾಗಿ ಮಾಡಿದರೂ ಸುಟ್ಟ ತೇಪೆ ಉಳಿಯುತ್ತದೆ, ಮುಂದಿನ ಸಲ ಜಾಗದವರು ಒಳಗೆ ಬಿಡುವುದಿಲ್ಲ. ಅಪ್ಪಣೆಯನ್ನು ಬರಹದಲ್ಲಿ ಪಡೆಯುವುದು, ಸಿಕ್ಕಿದ್ದರಲ್ಲಿ ಯಾರಿಗೆಷ್ಟು ಎಂದು ಅಗೆಯುವ ಮೊದಲೇ ಮಾತಾಡಿಕೊಳ್ಳುವುದು, ಆ ದೇಶದ ಕಾನೂನು ಓದಿಕೊಳ್ಳುವುದು, ಇವುಗಳ ನಮೂನೆ ಪತ್ರ ಕಳಿಸಿದವರಿಗೂ ಋಣಿ.

ಕಡಲತೀರದವರು ಕಡಿಮೆ ಬರೆದರು, ಬರೆದದ್ದು ಗಟ್ಟಿ. ಉಪ್ಪುನೀರು ವಿದ್ಯುತ್ ಹರಿಸುವುದರಿಂದ ಒಂದೇ ಫ್ರೀಕ್ವೆನ್ಸಿಯ ಯಂತ್ರ ಒದ್ದೆ ಮರಳಿನ ಮೇಲೆ ಹುಚ್ಚು ಹಿಡಿದಂತೆ ಕೂಗುತ್ತದೆ. ಅಲ್ಲಿಗೆ ಹಲವು ಫ್ರೀಕ್ವೆನ್ಸಿಯದೋ ಪಲ್ಸ್ ಇಂಡಕ್ಷನ್ (ಬಿಟ್ಟು ಬಿಟ್ಟು ವಿದ್ಯುತ್ ಮಿಡಿತ ಕಳಿಸಿ ಉತ್ತರ ಕೇಳುವ) ಯಂತ್ರವೋ ಬೇಕು. ಪೂರ್ಣ ಇಳಿತಕ್ಕೆ ಎರಡು ತಾಸು ಮೊದಲೇ ಇಳಿದು ನೀರಿನ ಹಿಂದೆಯೇ ಹೋಗಿ, ಅದು ತಿರುಗಿದಾಗ ನೀವೂ ತಿರುಗಬೇಕು. ಬಿರುಗಾಳಿ ಮರಳನ್ನು ಕೊಚ್ಚಿ ಗಟ್ಟಿ ಪದರ ತೆರೆದಿಟ್ಟ ಮರುದಿನವೇ ಒಳ್ಳೆಯ ದಿನ: ಭಾರವಾದ ವಸ್ತು ಮರಳಿನಲ್ಲಿ ಇಳಿಯುತ್ತಾ ಹೋಗಿ ಆ ಪದರದ ಮೇಲೆ ನಿಂತಿರುತ್ತದೆ.

ಅಯಸ್ಕಾಂತ ಹಾಕಿ ನೀರು ಜಾಲಾಡುವವರ ಟಿಪ್ಪಣಿಯಲ್ಲಿ ಎಚ್ಚರಿಕೆಯೇ ಹೆಚ್ಚು, ಇರಬೇಕಾದ್ದೂ ಹಾಗೆಯೇ. ಪೆಟ್ಟಿಗೆಯ ಮೇಲೆ ಬರೆದ ಎಳೆತದ ಕಿಲೋ ಲೆಕ್ಕ ದಪ್ಪನೆಯ, ನಯವಾದ, ಶುದ್ಧ ಉಕ್ಕಿನ ಹಲಗೆಗೆ ಮಾತ್ರ ನಿಜ. ತುಕ್ಕು, ಕೆಸರು, ಬಣ್ಣದ ಪದರ ನಡುವೆ ಬಂದರೆ ಅದರ ಚೂರುಪಾರಷ್ಟೇ ಸಿಗುತ್ತದೆ. ಹೆಣೆದ ಹಗ್ಗ, 8 ಮಿಲಿಮೀಟರ್ ದಪ್ಪ, 15ರಿಂದ 20 ಮೀಟರ್ ಉದ್ದ, ದಡದ ತುದಿಯನ್ನು ಎಸೆಯುವ ಮೊದಲೇ ಕಟ್ಟಿರಬೇಕು. ಅಯಸ್ಕಾಂತ ಕಳೆದುಹೋಗುವುದು ಹಗ್ಗ ಹರಿದಾಗಷ್ಟೇ ಅಲ್ಲ. ಹಗ್ಗ ತಿರುಚಿಕೊಂಡಂತೆ ಕೊಂಡಿಯ ತಿರುಪು ನಿಧಾನವಾಗಿ ಬಿಚ್ಚಿಕೊಂಡರೂ ಅದು ನೀರಿನಲ್ಲೇ ಉಳಿಯುತ್ತದೆ. ತಿರುಪಿಗೆ ಥ್ರೆಡ್‌ಲಾಕರ್ ಎಂಬ ಅಂಟು ಹಚ್ಚಿ ಒಂದು ದಿನ ಒಣಗಿಸಿದರೆ ಮುಗಿಯಿತು. ಚಿನ್ನ, ಬೆಳ್ಳಿ, ಹಿತ್ತಾಳೆ ಅಂಟುವುದಿಲ್ಲ. ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು. ಸಿಡಿಗುಂಡಿನಂಥದ್ದು ಮೇಲೆ ಬಂದರೆ ಕಿತ್ತು ನೋಡಬಾರದು, ಹಗ್ಗವನ್ನು ಅಲ್ಲೇ ಬಿಟ್ಟು ದೂರ ಸರಿದು ಪೊಲೀಸರನ್ನು ಕರೆಯಬೇಕು.

ಇನ್ನು ಮನೆಯಲ್ಲಿ ಕಾಯಿಲ್ ಸುತ್ತಿದವರು. ಕೈಪಿಡಿಯ ಅತಿ ಉದ್ದದ ಅಧ್ಯಾಯ ನಿಮ್ಮದು. ಪಲ್ಸ್ ಇಂಡಕ್ಷನ್‌ಗೆ 26 ಸೆಂಟಿಮೀಟರ್ ವ್ಯಾಸದ ವೃತ್ತ, 0.5 ಮಿಲಿಮೀಟರ್ ಎನಾಮಲ್ ತಂತಿ, 22 ಸುತ್ತು: ಸುಮಾರು 300 ಮೈಕ್ರೊಹೆನ್ರಿ. ಪ್ಲೈವುಡ್ ಮೇಲೆ ವೃತ್ತ ಗೀಚಿ, ಹದಿನಾರು ಮೊಳೆ ಹೊಡೆದು, ಮೊಳೆಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿ ಸುತ್ತಿದರೆ ಎನಾಮಲ್ ಕೆರೆಯುವುದಿಲ್ಲ. ತೆಗೆಯುವ ಮೊದಲು ಬಿಗಿಯಾಗಿ ಕಟ್ಟಿ. ಹೊರಗಿನ ವಿದ್ಯುತ್ ಗದ್ದಲ ತಡೆಯುವ ಶೀಲ್ಡಿಗೆ ಗ್ರಾಫೈಟ್ ಬಣ್ಣ ಬಳಿಯುವಾಗ ಒಂದು ಸೆಂಟಿಮೀಟರ್ ಜಾಗ ಖಾಲಿ ಬಿಡಲೇಬೇಕು. ವೃತ್ತ ಪೂರ್ತಿಯಾದರೆ ಶೀಲ್ಡೇ ಶಾರ್ಟ್ ಆದ ಇನ್ನೊಂದು ಸುತ್ತಾಗಿ ಕಾಯಿಲ್‌ನ ಬಲ ಕುಡಿಯುತ್ತದೆ. ಹೊಸ ಕಾಯಿಲ್‌ಗೆ ಅಲೆಯ ಕುಣಿತ ಅಡಗಿಸುವ ಡ್ಯಾಂಪಿಂಗ್ ರೆಸಿಸ್ಟರ್ ಕೂಡ ಹೊಸದಾಗಿ ಹೊಂದಿಸಬೇಕು. ಮೌಲ್ಯ ಹೆಚ್ಚಾದರೆ ಪಲ್ಸ್ ನಿಂತ ಮೇಲೂ ಕಾಯಿಲ್ ಗಂಟೆಯಂತೆ ಗುಂಯ್‌ಗುಡುತ್ತದೆ, ಕಡಿಮೆಯಾದರೆ ಅಲೆ ಇಳಿಯಲು ತಡವಾಗುತ್ತದೆ, ಎರಡರಲ್ಲೂ ಸಣ್ಣ ವಸ್ತು ಕಾಣದು. ರೆಸಿಸ್ಟರ್ ಜಾಗದಲ್ಲಿ ತಾತ್ಕಾಲಿಕವಾಗಿ ಪೊಟೆನ್ಷಿಯೋಮೀಟರ್ (ತಿರುಗಿಸಿ ಮೌಲ್ಯ ಬದಲಿಸುವ ರೆಸಿಸ್ಟರ್) ಇಟ್ಟು, ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪಿನಲ್ಲಿ ನೋಡುತ್ತಾ ತಿರುಗಿಸಿ, ಅಲೆ ಕುಣಿಯದೆ ಬೇಗ ಇಳಿಯುವ ಜಾಗ ಸಿಕ್ಕಾಗ ಅಳೆದು ಅದೇ ಮೌಲ್ಯದ ರೆಸಿಸ್ಟರ್ ಬೆಸೆಯುವ ಉಪಾಯ ಎಷ್ಟೋ ಜನರ ವಾರಗಳನ್ನು ಉಳಿಸುತ್ತದೆ. ಎರಡು ಕಾಯಿಲ್‌ಗಳ ಯಂತ್ರ ಮಾಡುವವರಿಗೆ ತಲೆನೋವು ಬೇರೆ. ಕಳಿಸುವ ಕಾಯಿಲ್, ಕೇಳುವ ಕಾಯಿಲ್ ಒಂದನ್ನೊಂದು ರದ್ದು ಮಾಡುವಂತೆ ಕೂರಿಸಿ ಎಪಾಕ್ಸಿ ಅಂಟು ಸುರಿದರೆ, ಗಟ್ಟಿಯಾಗುವಾಗಿನ ಬಿಸಿಗೆ ಅವು ಕೂದಲೆಳೆಯಷ್ಟು ಸರಿದರೂ ಹೊಂದಿಕೆ ಹೋಯಿತು. ತೆಳ್ಳಗೆ ಎರಡು ಮೂರು ಸಲ ಸುರಿದು, ಹೊಂದಿಸುವ ಒಂದು ಸಣ್ಣ ಕುಣಿಕೆಯನ್ನು ಕೊನೆಯ ಪದರದವರೆಗೂ ಹೊರಗಿಡಿ. ಎಲ್ಲ ಸರಿಯಾಗಿಯೂ ಬೀಸಿದಾಗಲೆಲ್ಲ ದನಿ ಬಂದರೆ ಮೊದಲು ಕೇಬಲ್ ನೋಡಿ, ಕೋಲಿಗೆ ಬಿಗಿಯಾಗಿ ಸುತ್ತದೆ ಓಲಾಡುತ್ತಿರುತ್ತದೆ.

ಮಾಡಿದ್ದನ್ನು ಪರೀಕ್ಷಿಸಲು ಒಂದು ಪಟ್ಟಿ ನೆಲ ಸಾಕು. 60 ಸೆಂಟಿಮೀಟರ್ ಅಂತರದಲ್ಲಿ ಒಂದೇ ಬಗೆಯ ನಾಣ್ಯಗಳನ್ನು 5, 10, 15, 20 ಸೆಂಟಿಮೀಟರ್ ಆಳಕ್ಕೆ ಹೂತು, ಒಂದರ ಪಕ್ಕ ಮಾತ್ರ ಮೊಳೆ ಇಡಿ. ಗುರುತಿಗೆ ಪ್ಲಾಸ್ಟಿಕ್ ಗೂಟ, ಕಬ್ಬಿಣದ್ದಲ್ಲ (ಈ ತಪ್ಪು ಮೂವರ ಟಿಪ್ಪಣಿಯಲ್ಲಿದೆ, ಬಚ್ಚಿಡದ್ದಕ್ಕೆ ಮೂವರಿಗೂ ಥ್ಯಾಂಕ್ಸ್). ಹೂತ ದಿನವೇ ತೀರ್ಪು ಕೊಡಬೇಡಿ, ನಾಲ್ಕಾರು ಮಳೆ ಬಿದ್ದು ಮಣ್ಣು ಕೂತ ಮೇಲೆ ನೋಡಿ.

ತೊಳೆಯುವ ವಿಷಯದಲ್ಲಿ ಕೈ ಕಟ್ಟಿಕೊಂಡು ಕೂತವರಿಗೆ ನಮಸ್ಕಾರ. ನಾಣ್ಯವನ್ನು ಬೆರಳಲ್ಲಿ ತಿಕ್ಕಿದರೂ ಮಣ್ಣಿನ ಕಣ ಮರಳುಕಾಗದದಂತೆ ಗೀರುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ನೀರು ಬದಲಿಸಿ, ಕಾಯಿರಿ. ಗಟ್ಟಿ ಹಸಿರು ಕಿಲುಬು ಲೋಹಕ್ಕೆ ಹೊದಿಕೆ, ಅದನ್ನು ಬಿಡಿ. ಪುಡಿಪುಡಿಯಾಗಿ ಮತ್ತೆ ಮತ್ತೆ ಉಕ್ಕುವ ತಿಳಿಹಸಿರು ಮಾತ್ರ ರೋಗ: ಒಳಗಿನ ಕ್ಲೋರೈಡು ಗಾಳಿಯ ತೇವ ಸೇರಿ ಲೋಹವನ್ನು ತಿನ್ನುತ್ತಿದೆ. ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು ಬಲ್ಲವರಿಗೆ ತೋರಿಸಿ. ಗಟ್ಟಿಮುಟ್ಟಾದ, ಬೆಲೆಯಿಲ್ಲದ ಕಬ್ಬಿಣಕ್ಕೆ ಎಲೆಕ್ಟ್ರಾಲಿಸಿಸ್ ಸರಿ: ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್, ಒಂದೆರಡು ಆಂಪಿಯರ್, ವಸ್ತು ನೆಗೆಟಿವ್‌ಗೆ, ಬೇಡದ ಕಬ್ಬಿಣದ ತುಂಡು ಪಾಸಿಟಿವ್‌ಗೆ. ಅದಲು ಬದಲಾದರೆ ಸವೆಯುವುದು ಸಿಕ್ಕಿದ ವಸ್ತುವೇ. ಪಾಸಿಟಿವ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬಾರದು, ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಏಳುತ್ತದೆ. ಹೈಡ್ರೋಜನ್ ಹೇಗೂ ಏಳುತ್ತದೆ, ಹಾಗಾಗಿ ಬಯಲಲ್ಲಿ, ಬೆಂಕಿಯಿಂದ ದೂರ.

ಸರ್ಕಿಟ್ ನಕ್ಷೆ, ಅಚ್ಚು, ಅಳತೆ ಎಲ್ಲವನ್ನೂ ಬಿಡಿಗಾಸು ಕೇಳದೆ ಕೊಟ್ಟವರು ಯಾರ ಸಾಲಿನಲ್ಲಿದ್ದಾರೆ ಗೊತ್ತೇ? ಪೋಲೆಂಡಿನ ಸೇನಾ ಎಂಜಿನಿಯರ್ ಯೂಜೆಫ್ ಕೊಸಾಟ್ಸ್‌ಕಿ ಎರಡನೇ ಮಹಾಯುದ್ಧದಲ್ಲಿ ನೆಲಬಾಂಬು ಹುಡುಕುವ ಡಿಟೆಕ್ಟರ್ ಮಾಡಿ, ಪೇಟೆಂಟ್ ಮಾಡಿಸದೆ ಬ್ರಿಟಿಷ್ ಸೇನೆಗೆ ಕೊಟ್ಟುಬಿಟ್ಟರು. 1942ರಲ್ಲಿ ಎಲ್ ಅಲಮೀನ್‌ನಲ್ಲಿ ಅದು ದಾರಿ ತೆರೆಯಿತು. ಪ್ರತಿಯಾಗಿ ಅವರಿಗೆ ಬಂದದ್ದು ಆರನೇ ಜಾರ್ಜ್ ದೊರೆಯಿಂದ ಒಂದು ಕೃತಜ್ಞತಾ ಪತ್ರ. ನಮ್ಮಲ್ಲಿ ದೊರೆ ಇಲ್ಲ, ಈ ಪುಟವೇ ಇರುವುದು.

ಅಗೆಯುವುದನ್ನು ನಿಲ್ಲಿಸಿದವರಿಗೂ ಈ ಪುಟದಲ್ಲಿ ಪಾಲಿದೆ. 1992ರಲ್ಲಿ ಇಂಗ್ಲೆಂಡಿನ ಹಾಕ್ಸನ್ ಹಳ್ಳಿಯ ಹೊಲದಲ್ಲಿ ಎರಿಕ್ ಲಾಸ್ ಹುಡುಕಲು ಹೋದದ್ದು ಗೆಳೆಯ ಕಳೆದುಕೊಂಡ ಸುತ್ತಿಗೆಯನ್ನು. ಸಿಕ್ಕಿದ್ದು ರೋಮನ್ ಕಾಲದ ನಿಧಿ. ನಾಣ್ಯವೇ ಹದಿನಾಲ್ಕು ಸಾವಿರಕ್ಕೂ ಹೆಚ್ಚು. ಪೂರ್ತಿ ತೋಡದೆ ತಿಳಿಸಿದ್ದರಿಂದಲೇ ಅದನ್ನು ತುಂಬಿದ್ದ ಮರದ ಪೆಟ್ಟಿಗೆಯ ಗುರುತು, ಯಾವುದು ಯಾವುದರ ಪಕ್ಕ ಇತ್ತೆಂಬ ಲೆಕ್ಕ ಪುರಾತತ್ವದವರಿಗೆ ಸಿಕ್ಕಿತು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂ ಸೇರಿದೆ. ಹಂಚಿಕೊಳ್ಳುವಾಗ ಜಾಗ ಮರೆಸಿದವರೂ ಇದೇ ಜಾತಿಯವರು. ಜಿಪಿಎಸ್ ಅಂಕಿಯಲ್ಲಿ ದಶಮಾಂಶದ ಐದು ಸ್ಥಾನವೆಂದರೆ ಸುಮಾರು ಒಂದು ಮೀಟರ್, ಎರಡೇ ಸ್ಥಾನವೆಂದರೆ ಸುಮಾರು ಒಂದು ಕಿಲೋಮೀಟರ್. ಸ್ವಂತ ದಿನಚರಿಗೆ ಐದು, ಊರಿಗೆಲ್ಲ ತೋರಿಸುವಾಗ ಎರಡು. ಫೋಟೊದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನೂ ಅಳಿಸಿ, ಇಲ್ಲವಾದರೆ ರಾತ್ರಿ ಕಳ್ಳರು ಬರುತ್ತಾರೆ.

ಕೊನೆಯ ನಮಸ್ಕಾರ ಅಗೆದ ಮೊಳೆಯನ್ನು ಅದೇ ಗುಂಡಿಗೆ ಎಸೆದು ಮುಚ್ಚದೆ, ಸೊಂಟದ ಎರಡನೇ ಚೀಲಕ್ಕೆ ಹಾಕಿಕೊಂಡು ಬಂದವರಿಗೆ. ನಿಮ್ಮ ಹಿಂದೆ ಅದೇ ಸಾಲಿನಲ್ಲಿ ಬರುವವರಿಗೆ ಆ ಮೊಳೆ ಇನ್ನು ಕೂಗುವುದಿಲ್ಲ. ಅದರ ಮರೆಯಲ್ಲಿದ್ದದ್ದು ಕೂಗಬಹುದು.